ಆರು ರೆಕ್ಕೆಯ ಫ್ಯಾನು

ಲಾರಿಯಲ್ಲಿ ಅರ್ಧ ಅಪ್ಪನದು, ಅರ್ಧ ಮಾವನದು. ಮಾವ ಎಂದರೆ ಅವ್ವನ ತಮ್ಮ. ಆ ಬೇಸಿಗೆಯಲ್ಲಿ ಲಾರಿ ಸೇಲಂ, ಧರ್ಮಪುರಿ ನಡುವಿನ ತೊಪ್ಪೂರಿನ ಕಣಿವೆ ಏರುವಾಗ ಎರಡು ಸಲ ನೀರು ಕುದಿದು ನಿಂತಿತು. ಎರಡನೆಯ ಸಲ ಅಪ್ಪ ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋಗಿ ಬಲಗೈ, ಕುತ್ತಿಗೆ, ಗದ್ದ ಸುಟ್ಟುಕೊಂಡ. ಅವನು ಮೆಟ್ಟೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾವ ಹೊರಗೆ ಬೇವಿನ ಮರದ ಕೆಳಗೆ ನಿಂತು ತನ್ನ ತೀರ್ಮಾನ ಹೇಳಿದ.

"ಇನ್ನೊಂದ್ ಸಲ ನೋಡ್ತೀನಿ. ಏನ್ ಬೇಕೋ ಆಕ್ಸಿ. ಫುಲ್ ಲೋಡ್ ಇಟ್ಕಂಡು ಕಣಿವೆ ಅತ್ಬೇಕು, ನೀರ್ ಕುದೀಬಾರ್ದು. ಕುದೀತಾ, ಕಟಿಂಗ್‌ಗೆ ಬಿಟ್ಬಿಡಾದು. ನಿಮ್ಮಪ್ಪಂಗೆ ನೀನೇ ಏಳು."

ಕಟಿಂಗ್ ಎಂದರೆ ಸೇಲಂನಲ್ಲಿ ಹಳೆಯ ಗಾಡಿಗಳನ್ನು ಗ್ಯಾಸಿನ ಬೆಂಕಿಯಲ್ಲಿ ಕೊಯ್ದು ಕಬ್ಬಿಣದ ತೂಕಕ್ಕೆ ಹಾಕುವ ಜಾಗ. ನಮ್ಮದು ಇಂಜಿನ್ನು ಮುಂದೆ ಉದ್ದ ಬಾನೆಟ್ಟಿನ ಕೆಳಗಿರುವ ಹಳೆಯ ಕಾಲದ ಲಾರಿ. ಮೂತಿ ಗಾಡಿ ಎನ್ನುತ್ತಿದ್ದರು. ರಸ್ತೆಯ ತುಂಬ ಚಪ್ಪಟೆ ಮುಖದ ಲಾರಿಗಳು ಬಂದ ಮೇಲೂ ಅಪ್ಪ ಬೇರೆ ಗಾಡಿಯ ಸ್ಟೇರಿಂಗ್ ಹಿಡಿದಿರಲಿಲ್ಲ. ಅವನ ವಯಸ್ಸಿಗೆ ಇನ್ನು ಯಾರೂ ತಮ್ಮ ಗಾಡಿ ನಂಬಿ ಕೊಡುವಂತಿರಲಿಲ್ಲ. ಲಾರಿ ಹೋದ ದಿನ ಅಪ್ಪ ಡ್ರೈವರ್ ಆಗಿರುವುದೂ ಮುಗಿಯುತ್ತಿತ್ತು. ಇದು ಮಾವನಿಗೂ ಗೊತ್ತಿತ್ತು.

ಮಾವನ ಭಯ ಸುಳ್ಳಲ್ಲ. ಎರಡನೆಯ ಸಲ ಅವನೂ ಗಾಡಿಯಲ್ಲಿದ್ದ. ತಿರುವಿನಲ್ಲಿ ನಿಂತ ಲಾರಿಯ ಹಿಂದೆ ಇನ್ನೊಂದು ಲಾರಿ ಬ್ರೇಕ್ ಹಿಡಿದು ಜಾರುತ್ತ ಬಂದು ಮೊಳದಷ್ಟು ದೂರದಲ್ಲಿ ನಿಂತಿತಂತೆ. ನಾನು ಅಲ್ಲಿರಲಿಲ್ಲ. ಆದರೂ ಅಪ್ಪ ಒದ್ದೆ ಗೋಣಿಚೀಲ ಹಿಡಿದು ಬಾನೆಟ್ಟಿನತ್ತ ಹೋಗುವುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಚೀಲಕ್ಕೆ ಹಸಿರು ಗೆರೆ ಇದೆ. ಆ ಹಸಿರು ಗೆರೆಯನ್ನು ನನಗೆ ಯಾರೂ ಹೇಳಿದವರಿಲ್ಲ. ಎಲ್ಲೋ ಕಂಡ ಚೀಲವನ್ನು ನಾನೇ ತಂದು ಅವನ ಕೈಗೆ ಕೊಟ್ಟಿರಬೇಕು. ಮುಂದೆ ಬರೆಯುವುದರಲ್ಲಿ ಇಂಥ ಗೆರೆಗಳು ಇನ್ನೆಷ್ಟಿವೆಯೋ, ಕಂಡಲ್ಲಿ ತೋರಿಸುತ್ತೇನೆ.

ಮೂವತ್ತು ವರ್ಷ ಬಿಸಿ ಮುಚ್ಚಳ ಮುಟ್ಟಬೇಡಿ ಎಂದು ಎಲ್ಲರನ್ನೂ ಬೈದವನು ತಾನೇ ಯಾಕೆ ಮುಟ್ಟಿದ? "ಅವಸ್ರ ಪಟ್ಟ" ಎಂದು ಮಾವ. "ಬೇಗ ಬೇಗ ಅಂತ ಬಡ್ಕಂಡಿದ್ದು ಯಾರು" ಎಂದು ಅಪ್ಪ.

ಹೊಸ ರೇಡಿಯೇಟರನ್ನೂ ಫ್ಯಾನನ್ನೂ ಆರಿಸುವ ಕೆಲಸ ನನಗೆ ಬಂತು. ನಾನು ಸೇಲಂನ ಒಂದು ಇಂಜಿನಿಯರಿಂಗ್ ಶೆಡ್ಡಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಹೆಣ್ಣಾದರೂ ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. ಅಳೆಯಲು ಬರುತ್ತದೆ ಎಂಬ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು.

ಸೇಲಂಗೆ ಹೊರಡುವ ಮೊದಲು ಅಪ್ಪನನ್ನು ಒಂದು ಮಾತು ಕೇಳಿಕೊಳ್ಳಲು ವಾರ್ಡಿಗೆ ಹೋದೆ. ಗದ್ದಕ್ಕೆ ಬಟ್ಟೆ ಕಟ್ಟಿದ್ದರಿಂದ ಅವನ ಮಾತು ಹತ್ತಿ ತುಂಬಿದ ಹಾಗೆ ಬರುತ್ತಿತ್ತು. ನರ್ಸಮ್ಮ ಕೈಯ ಕಟ್ಟು ಬಿಚ್ಚುತ್ತಿದ್ದರು. ಅವ್ವ ಲೋಟದಲ್ಲಿ ಕಾಫಿ ಹಿಡಿದು ಮಂಚದ ಪಕ್ಕ ನಿಂತಿದ್ದಳು, ಹೊಗೆ ಆಡುತ್ತಿತ್ತು. ನಾನು ಕೇಳಿದೆ:

"ಅಪ್ಪಾ, ಫ್ಯಾನು ನಾಕ್ ರೆಕ್ಕೇದಾ, ಆರ್ ರೆಕ್ಕೇದಾ? ಯಾವ್ದ್ ಬೇಕು?"

"ಆರ್ಬೇಕು" ಎಂದ ಅಪ್ಪ.

ನಾನು ಸರಿ ಎಂದು ಹೊರಟೆ. ಮಾವ ಆಗಲೇ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ.

ಸೇಲಂನ ಅಂಗಡಿ ಎಂದರೆ ಮುಂದೆ ಒಂದು ತಗಡಿನ ಚಪ್ಪರ, ಅದರ ಕೆಳಗೆ ನೀರು ತುಂಬಿದ ಸಿಮೆಂಟಿನ ತೊಟ್ಟಿ, ಗೋಡೆಯುದ್ದಕ್ಕೂ ಒರಗಿಸಿಟ್ಟ ರೇಡಿಯೇಟರುಗಳು. ಅಂಗಡಿಯವನು ಒಂದನ್ನು ತೊಟ್ಟಿಯಲ್ಲಿ ಮುಳುಗಿಸಿ ರಬ್ಬರ್ ನಳಿಗೆಯಿಂದ ಗಾಳಿ ಹೊಡೆದು ಎಲ್ಲಿಂದ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದ. ಗುಳ್ಳೆ ಎದ್ದಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ನಮ್ಮತ್ತ ನೋಡದೆಯೇ ತಮಿಳಿನಲ್ಲಿ ಕೇಳಿದ, "ವಂಡಿ ಯಾರೋಡದು?"

ಗಾಡಿ ಯಾರದು ಎಂದು. ಮಾವ ನನ್ನನ್ನು ತೋರಿಸಿದ. "ಇದ್ರುದು. ಇದೇ ಓನರ್ರು, ಇದೇ ಇಂಜಿನಿಯರ್ರು. ನಾನ್ ಕ್ಲೀನರ್ರು." ಅಂಗಡಿಯವನು ಕನ್ನಡ ಕೇಳಿ ತಲೆಯೆತ್ತಿದ. ಅವನ ಅಜ್ಜಿಯೂ ಮನೆಯಲ್ಲಿ ಇದೇ ಮಾತು ಆಡುತ್ತಿದ್ದಳಂತೆ. ತನಗೆ ಬೈಗುಳ ಮಾತ್ರ ಬರುತ್ತದೆ ಎಂದ.

ಅವನು ಮೂರು ದಾರಿ ತೋರಿಸಿದ. ನಮ್ಮ ಹಳೆಯ ರೇಡಿಯೇಟರಿನ ಮೇಲಿನ, ಕೆಳಗಿನ ಹಿತ್ತಾಳೆ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲರಿ ಮಾತ್ರ ಹೊಸದು ಬೆಸೆಯುವುದು. ಅದರಲ್ಲೇ ಮೂರು ಸಾಲು ನಾಳದ್ದು ಒಂದು, ನಾಲ್ಕು ಸಾಲಿನದು ಒಂದು. ಮೂರನೆಯದು ಕಟಿಂಗಿಗೆ ಬಂದ ಚಪ್ಪಟೆ ಮುಖದ ಲಾರಿಯಿಂದ ಬಿಚ್ಚಿದ ದೊಡ್ಡ ರೇಡಿಯೇಟರು. ಮಾವನಿಗೆ ಆ ದೊಡ್ಡದರ ಮೇಲೆ ಕಣ್ಣು. ನನ್ನನ್ನು ಅವನು ಗಂಡುಹುಡುಗನ ಹಾಗೆ ಲಾ ಎಂದೇ ಮಾತಾಡಿಸುತ್ತಿದ್ದ.

"ಅಗಲ ನೋಡ್ಲಾ. ಇದ್ರಲ್ಲಿ ಒಂದ್ ಕೆರೆ ನೀರ್ ಇಡೀತದೆ."

"ಕೂರ್ಸಾದ್ ಎಲ್ಲಿ ಮಾವ? ಮುಂದಿನ ಮೂತಿ ಕೊಯ್ಬೇಕಾಯ್ತದೆ."

"ಮೂತಿ ಕೊಯ್ದ್ರೆ ಚಪ್ಪಟೆ ಗಾಡಿ ಆಯ್ತದೆ. ಒಳ್ಳೇದೇ ಅಲ್ವಾ."

ನಾನು ಚೀಲದಿಂದ ಕಾಗದ ತೆಗೆದೆ. ಹಿಂದಿನ ಭಾನುವಾರ ಲಾರಿಯ ಬಾನೆಟ್ ಎತ್ತಿ ಎಲ್ಲವನ್ನೂ ಅಳೆದು ಬರೆದಿದ್ದೆ. ಫ್ಯಾನಿಗೂ ಹಳೆಯ ಜಾಲರಿಗೂ ನಡುವೆ ಎಷ್ಟು ಜಾಗ ಎಂಬುದೂ ಇತ್ತು. ನಾಲ್ಕು ಸಾಲಿನ ಜಾಲರಿ ಹಳೆಯದಕ್ಕಿಂತ ಅರ್ಧ ಇಂಚು ಹೆಚ್ಚು ದಪ್ಪ. ಆರು ರೆಕ್ಕೆಯ ಫ್ಯಾನಿನ ರೆಕ್ಕೆಗಳು ಇನ್ನೂ ಸ್ವಲ್ಪ ಮುಂದಕ್ಕೆ ಚಾಚುತ್ತವೆ. ಎರಡನ್ನೂ ಕಳೆದರೆ ಐದು ನೂಲು ಉಳಿಯುತ್ತಿತ್ತು. ಇಂಚಿನಲ್ಲಿ ಎಂಟನೆಯ ಒಂದು ಪಾಲಿಗೆ ವರ್ಕ್‌ಶಾಪಿನಲ್ಲಿ ಒಂದು ನೂಲು ಎನ್ನುತ್ತಾರೆ. ಐದು ನೂಲು ಸಾಕು ಎಂದು ಕಾಗದ ಹೇಳಿತು. ನಾನು ಅಳೆದದ್ದು ಸಮ ನೆಲದ ಮೇಲೆ ನಿಂತ ಲಾರಿಯನ್ನು, ಇಂಜಿನ್ ಆಫ್ ಮಾಡಿ. ಕಾಗದದ ಮೂಲೆಯಲ್ಲಿ ಅದನ್ನು ಬರೆದುಕೊಂಡಿರಲಿಲ್ಲ.

ಜಾಲರಿ ನಾಲ್ಕು ಸಾಲಿನದು ಎಂದಾಯಿತು. ಫ್ಯಾನಿನ ವಿಷಯಕ್ಕೆ ಬಂದಾಗ ಅಂಗಡಿಯವನು ಕೈ ಅಡ್ಡ ಆಡಿಸಿದ. "ನಾಲು ಪೋದುಮ್ಮಾ." ನಾಲ್ಕು ಸಾಕು.

"ಅಪ್ಪಾ ಆರು ವೇಣುಂನು ಸೊನ್ನಾರು" ಎಂದೆ. ಆರು ಬೇಕೆಂದು ಅಪ್ಪ ಹೇಳಿದ್ದಾರೆ.

"ಪಂಪು ಎಪ್ಪಡಿ ಇರುಕ್ಕು?" ಪಂಪು ಹೇಗಿದೆ ಎಂದು.

ಆ ಲಾರಿಯಲ್ಲಿ ಫ್ಯಾನು ಕೂರುವುದು ನೀರಿನ ಪಂಪಿನ ಶಾಫ್ಟಿನ ಮೂಗಿನ ಮೇಲೆ. ಫ್ಯಾನಿನ ಭಾರವನ್ನೆಲ್ಲ ಆ ಪಂಪಿನ ಬೇರಿಂಗು ಹೊರಬೇಕು. ಅಂಗಡಿಯವನ ಪ್ರಶ್ನೆ ಸರಿಯಾಗಿಯೇ ಇತ್ತು. ಫ್ಯಾನನ್ನು ಕೈಯಲ್ಲಿ ಹಿಡಿದು ಅಲುಗಿಸಿ ಶಾಫ್ಟಿನಲ್ಲಿ ಆಟ, ಅಂದರೆ ಸಡಿಲು, ಇದೆಯೇ ಎಂದು ನಾನು ನೋಡಿರಲಿಲ್ಲ.

"ನಲ್ಲಾ ಇರುಕ್ಕು" ಎಂದೆ. ಚೆನ್ನಾಗಿದೆ.

ಈ ಕತೆಯನ್ನು ಬೇರೆಯವರಿಗೆ ಹೇಳುವಾಗಲೆಲ್ಲ ನಾನು ಆ ಎರಡು ಪದವನ್ನು ಬಿಟ್ಟು ಹೇಳುತ್ತಿದ್ದೆ. ಇನ್ನೊಂದನ್ನೂ ಬಿಡುತ್ತಿದ್ದೆ. ಅಪ್ಪನನ್ನು ಕೇಳುವ ಮೊದಲೇ ನನಗೆ ಆರು ರೆಕ್ಕೆಯದೇ ಬೇಕಾಗಿತ್ತು. ಶೆಡ್ಡಿಗೆ ಬಂದ ಒಂದು ಜನರೇಟರಿನಲ್ಲಿ ಅಂಥದನ್ನು ನೋಡಿದ್ದೆ. ಆರೂ ರೆಕ್ಕೆ ಒಟ್ಟಿಗೆ ಗಾಳಿಯನ್ನು ಸೆಳೆಯುವ ಸದ್ದು ನನಗೆ ಹಿಡಿಸಿತ್ತು.

ಒಂದು ವಾರದಲ್ಲಿ ಜಾಲರಿ ಬೆಸೆದು, ತೊಟ್ಟಿಯಲ್ಲಿ ಮುಳುಗಿಸಿ ತೋರಿಸಿದರು. ಒಂದೂ ಗುಳ್ಳೆ ಏಳಲಿಲ್ಲ. ಎರಡನ್ನೂ ಲಾರಿಗೆ ಕೂರಿಸಿದ ದಿನ ನಡುವಿನ ಜಾಗಕ್ಕೆ ಸ್ಕೇಲು ಇಟ್ಟು ನೋಡಿದೆ. ಸರಿಯಾಗಿ ಐದು ನೂಲು. ಎಷ್ಟು ಖುಷಿಯಾಯಿತೆಂದರೆ, ಮಾವನನ್ನೂ ಕರೆದು ತೋರಿಸಿದೆ. ಅವನು ಸ್ಕೇಲನ್ನು ನೋಡದೆ ನನ್ನ ಮುಖ ನೋಡಿ, "ಕಣಿವೆಗೆ ಸ್ಕೇಲ್ ಗೊತ್ತಾಯ್ತದಾ?" ಎಂದ.

ಏರುವುದಕ್ಕೆ ಅವನು ಆರಿಸಿದ ಹೊತ್ತು ಮಟಮಟ ಮಧ್ಯಾಹ್ನ. "ಬೆಳಗ್ಗೆ ತಂಪ್ನಲ್ಲಿ ಎತ್ತಿನ್ ಗಾಡೀನೂ ಅತ್ತದೆ" ಎಂದ. ಸೇಲಂನ ಒಂದು ಮಿಲ್ಲಿನಿಂದ ಸಬ್ಬಕ್ಕಿ ಮೂಟೆ ತುಂಬಿಸಿಕೊಂಡು ಧರ್ಮಪುರಿಗೆ ಹೊರಟೆವು. ಮಾವ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ನಾನು ಬರಲೇಬೇಕೆಂದು ಅವನೇ ಹೇಳಿದ್ದ. ಆಮೇಲೆ ಮೋಸ ಅನ್ನಬಾರದು, ಅದಕ್ಕೆ.

ಬಿಸಿ ತೋರಿಸುವ ಗೇಜು ಡ್ಯಾಶಿನ ನಟ್ಟನಡುವೆ ಇತ್ತು. ಹಳೆಯ ಕಾಲದ್ದು, ಕರೆಂಟಿನದಲ್ಲ. ಇಂಜಿನ್ನಿನಿಂದ ಒಂದು ಸಣ್ಣ ತಾಮ್ರದ ನಾಳ ಬಂದು ಅದರ ಮುಳ್ಳನ್ನು ತಳ್ಳುತ್ತದೆ. ಇಂಜಿನ್ ಆಫ್ ಮಾಡಿದರೂ ಅದು ಬಿಸಿ ತೋರಿಸುತ್ತಲೇ ಇರುತ್ತದೆ. ಮಾವ ಅತ್ತೆಯ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ತಂದು ಆ ಗೇಜಿನ ಗಾಜಿನ ಮೇಲೆ ಅಂಟಿಸಿದ್ದ. ಮುಳ್ಳು ಎಡದಿಂದ ಬಲಕ್ಕೆ ಏರುತ್ತದೆ. ಅದು ಬೊಟ್ಟು ಮುಟ್ಟಿದರೆ ಕುದಿದ ಹಾಗೆಯೇ ಲೆಕ್ಕ.

"ನೀರ್ ಉಕ್ಕಾ ತಂಕ ಕಾಯಾಕಾಗಲ್ಲ. ಬೊಟ್ ಮುಟ್ತಾ, ಮುಗೀತು."

ತೊಪ್ಪೂರಿನಲ್ಲಿ, ಮೆಚ್ಚೇರಿ ಕಡೆಯ ರಸ್ತೆ ಬಂದು ಸೇರುವಲ್ಲಿ, ಅಪ್ಪ ನಿಂತಿದ್ದ. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಿಟ್ಟಿದ್ದರು. ಬಲಗೈಯನ್ನು ಟವೆಲಿನಲ್ಲಿ ಎಡ ಹೆಗಲಿಗೆ ಕಟ್ಟಿಕೊಂಡು ಒಬ್ಬನೇ ಬಸ್ಸಿನಲ್ಲಿ ಬಂದಿದ್ದ. ಅವನು ಬರುತ್ತಾನೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಏನ್ ಬಾವಾ, ಮನೇಲ್ ಮಲಗಾದ್ ಬಿಟ್ಟು" ಎಂದ ಮಾವ.

"ನನ್ನರ್ಧ ಓಯ್ತೈತೆ. ಕಳ್ಸಾಕೆ ನಾನ್ ಬರ್ಬೇಡ್ವಾ?"

ಅವನು ಎಡಗೈಯಿಂದ ಹಿಡಿದು ಹತ್ತಿ ಕಿಟಕಿಯ ಪಕ್ಕ ಕೂತ. ಬಲಕ್ಕೆ ಮಾವ, ಎಡಕ್ಕೆ ಅಪ್ಪ, ನಡುವೆ ನಾನು, ನನ್ನ ಎದುರಿಗೇ ಗೇಜು. ಮಾವ ಸ್ಟಾರ್ಟ್ ಮಾಡಿದ. ಹೊಸ ಫ್ಯಾನು ದೊಡ್ಡ ಸದ್ದಿನಿಂದ ಗಾಳಿ ಸೆಳೆಯತೊಡಗಿತು. ಅಪ್ಪನ ಮುಖ ನನ್ನ ಕಡೆ ತಿರುಗಿತು.

"ಆರಾ ಇದು?"

"ನೀನೇ ಏಳ್ದಲ್ಲಪ್ಪಾ. ಆರ್ ಬೇಕು ಅಂತ."

"ನಾನ್ ಯಾವಾಗ್ ಏಳ್ದೆ?"

"ಆಸ್ಪತ್ರೇಲಿ."

ಏರು ಶುರುವಾಗಿತ್ತು. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ, "ಕೈ ಆರ್ಬೇಕು ಅಂದೆ ಕಣವ್ವಾ. ಗಾಯ ಆರ್ಲಿ, ಆಮ್ಯಾಕೆ ನಾನೇ ಓಗಿ ನೋಡಿ ತಕಂತೀನಿ, ಅಲ್ಲೀ ತಂಕ ಏನೂ ಮಾಡ್ಬ್ಯಾಡಿ ಅಂದೆ."

ಆಸ್ಪತ್ರೆಯಲ್ಲಿ ಅವನು ಅಷ್ಟು ಉದ್ದ ಮಾತಾಡಿರಲಿಲ್ಲ. ನಾನು ಕೇಳಿದ್ದು ಒಂದೇ ಪದ. ಆದರೆ ಗದ್ದಕ್ಕೆ ಬಟ್ಟೆ ಕಟ್ಟಿದವನು ಮನಸ್ಸಿನಲ್ಲಿ ಉಳಿದದ್ದನ್ನೂ ಹೇಳಿದ್ದೇನೆ ಎಂದುಕೊಂಡಿರಬಹುದು. ನಮ್ಮ ಬಾಯಲ್ಲಿ ಆರು ಬೇಕು, ಆರಬೇಕು ಎರಡೂ ಒಂದೇ. ಇದನ್ನೇ ಆಮೇಲೆ ಅವ್ವನಿಗೆ ಹೇಳಿದಾಗ ಅವಳು ನಕ್ಕು, "ಕೈನೂ ಇಲ್ಲ, ಫ್ಯಾನೂ ಇಲ್ಲ, ಕಾಫಿಗ್ ಅಂದಿದ್ದು. ಬಿಸಿ ಐತೆ, ಆರ್ಬೇಕು ಅಂದ" ಎಂದಳು. ಅವಳು ಕಾಫಿ ಹಿಡಿದು ನಿಂತವಳು. ಅವಳ ಮಾತನ್ನು ತಳ್ಳಿಹಾಕಲು ನನ್ನ ಹತ್ತಿರ ಏನೂ ಇಲ್ಲ.

"ಪಂಪ್ ನೋಡ್ದಾ?" ಎಂದು ಕೇಳಿದ ಅಪ್ಪ.

ನಾನು ಗೇಜಿನ ಕಡೆ ತಿರುಗಿದೆ. ಅವನಿಗೆ ತಿಳಿಯಿತು.

ಮೊದಲ ತಿರುವು, ಎರಡನೆಯ ತಿರುವು. ಮುಳ್ಳು ಬೊಟ್ಟಿನಿಂದ ಎರಡು ಬೆರಳಷ್ಟು ಹಿಂದೆಯೇ ನಿಂತಿತ್ತು. ಆರು ರೆಕ್ಕೆ ತನ್ನ ಕೆಲಸ ಮಾಡುತ್ತಿತ್ತು. ಮಾವನ ಮುಖದಲ್ಲೂ ಸ್ವಲ್ಪ ಬಿಗುವು ಸಡಿಲಿತು. "ಪರ್ವಾಗಿಲ್ಲ ಕಣ್ಲಾ, ಓದಿದ್ದು ವೇಸ್ಟ್ ಆಗ್ಲಿಲ್ಲ" ಎಂದ. ಎದುರಿನಿಂದ ಇಳಿಯುವ ಲಾರಿಗಳ ಬ್ರೇಕುಗಳಿಂದ ಸುಟ್ಟ ವಾಸನೆ ಕಿಟಕಿಯಲ್ಲಿ ನುಗ್ಗುತ್ತಿತ್ತು. ಮಾವ ಎರಡನೆಯ ಗೇರಿಗೆ ಇಳಿಸಿದ. ಆಗ ಫ್ಯಾನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ಒಣ ಬಟಾಣಿಯನ್ನು ಡಬ್ಬಿಯಲ್ಲಿ ಹಾಕಿ ಅಲುಗಿಸಿದ ಹಾಗೆ. ಬಂತು, ನಿಂತಿತು, ಮತ್ತೆ ಬಂತು.

ಅಪ್ಪ ಬರಿಗಾಲನ್ನು ಮುಂದಿನ ತಗಡಿಗೆ ಒತ್ತಿ ಹಿಡಿದ. ಸದ್ದನ್ನು ಅಂಗಾಲಿನಿಂದ ಕೇಳುವುದು ಅವನ ರೂಢಿ. ನಾನೂ ಚಪ್ಪಲಿ ಬಿಟ್ಟು ಕಾಲಿಟ್ಟೆ. ಬೇರಿಂಗು ಹೋಗುತ್ತಿತ್ತು. ಅದು ಪೂರ್ತಿ ಹೋದರೆ ಶಾಫ್ಟು ಓಲಾಡುತ್ತದೆ. ಏರಿನಲ್ಲಿ ಒದ್ದಾಡುವ ಇಂಜಿನ್ನೂ ತನ್ನ ಹಳೆಯ ರಬ್ಬರುಗಳ ಮೇಲೆ ಓಲುತ್ತದೆ. ಎರಡೂ ಸೇರಿದರೆ ನನ್ನ ಐದು ನೂಲು ಎಲ್ಲಿ ಉಳಿಯುತ್ತದೆ? ರೆಕ್ಕೆ ಹೋಗಿ ಹೊಸ ಜಾಲರಿಯನ್ನು ಸೀಳುತ್ತದೆ. ತಿರುವಿನಲ್ಲಿ, ಹಿಂದೆ ಗಾಡಿಗಳಿರುವಾಗ, ಮತ್ತೆ ನಿಲ್ಲಬೇಕಾಗುತ್ತದೆ.

ಹಾಗೆಂದು ಈಗಲೇ ನಿಲ್ಲಿಸುವುದೂ ಸುಲಭವಿರಲಿಲ್ಲ. ಬಿಸಿಯಾದ ಇಂಜಿನ್ನನ್ನು ಏರಿನ ನಡುವೆ ಆಫ್ ಮಾಡಿದರೆ ಪಂಪು ನಿಂತು ನೀರು ಓಡುವುದು ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಕೂಡಿಕೊಂಡು ಮುಳ್ಳು ತಾನಾಗಿ ಮೇಲೇರುತ್ತದೆ. ಬೊಟ್ಟು ಮುಟ್ಟಿದರೆ ಮುಗಿಯಿತು. ಮಾವನಿಗೆ ಬಟಾಣಿಯ ಸದ್ದು ಕೇಳಿಸಿರಲಿಲ್ಲ. ಅವನ ಕಣ್ಣು ರಸ್ತೆಯ ಮೇಲೆ, ಬೊಟ್ಟಿನ ಮೇಲೆ. ಇನ್ನು ಎರಡು ಮೈಲಿ ಹೀಗೇ ಹೋದರೆ ಗೆದ್ದ ಹಾಗೆ. ನಾನು ಅಪ್ಪನನ್ನು ನೋಡಿದೆ. ಸುಮ್ಮನಿರು ಎಂದು ಅವನು ಕಣ್ಣಲ್ಲಿ ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿ ಎಂಬ ಆಸೆಯೂ ಇತ್ತು.

"ಮುಂದ್ಲ ಮೈದಾನದಾಗ್ ಓರ ಕಟ್ಲಾ" ಎಂದ ಅಪ್ಪ ಜೋರಾಗಿ. ಬದಿಗೆ ತಂದು ನಿಲ್ಲಿಸು ಎಂದು.

"ಯಾಕೆ?"

"ಪಂಪ್ ಓಯ್ತೈತೆ."

"ನಿಲ್ಸಿದ್ರೆ ಮುಳ್ ಏರ್ತದೆ ಬಾವ. ಗೊತ್ತಲ್ವಾ?"

"ಗೊತ್ತು. ಕಟ್ಟು."

ಗುಡ್ಡದ ಬದಿಗೆ ರಸ್ತೆ ಕೆಲಸದವರು ಜಲ್ಲಿ ಸುರಿಯಲು ಸಮ ಮಾಡಿದ್ದ ಜಾಗವಿತ್ತು. ಮಾವ ಅಲ್ಲಿಗೆ ತಂದು ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಹ್ಯಾಂಡ್‌ಬ್ರೇಕಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ನಾನು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟೆ. ಆದರೂ ಮಾವ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೇ ಇರಬೇಕಾಯಿತು. ಕೂತಲ್ಲಿಂದಲೇ ಕೂಗಿದ, "ಯಾರ್ ಏಳಿದ್ದು ಆ ಎತ್ತಿನ್ ಭಾರದ್ ಫ್ಯಾನ್ ಆಕ್ಸಾಕೆ? ಅಂಗಡಿಯೋನು ನಾಕ್ ಸಾಕು ಅಂತ ಬಡ್ಕಂಡ. ಯಾರ್ಲಾ ಏಳಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಂದ, "ನಾನು. ಆರ್ ಬೇಕು ಅಂತ ನಾನೇ ಏಳ್ದೆ. ಅವಳನ್ಯಾಕ್ ಬೈತೀಯ?"

ಕಾಲು ಗಂಟೆಯ ಹಿಂದೆ ನನ್ನ ಕಿವಿಯಲ್ಲಿ ಹೇಳಿದ ಬಾಯೇ ಅದು. ಆಮೇಲೆ ಅವನು ಬದುಕಿರುವವರೆಗೂ ಯಾರು ಕೇಳಿದರೂ, ನಾನೊಬ್ಬಳೇ ಇದ್ದಾಗ ಕೇಳಿದರೂ, ಆರು ಎಂದೇ ಹೇಳಿದೆ ಎಂದ. ಮೊದಲು ಹೇಳಿದ್ದೇ ನಿಜವೆಂದು ನಾನು ನಂಬಿದ್ದೇನೆ. ನನಗೆ ಅನುಕೂಲವಾದದ್ದು ಎರಡನೆಯದು. ಆದ್ದರಿಂದ ಮೊದಲನೆಯದನ್ನು ನಂಬುವುದೇ ವಾಸಿ ಎಂಬುದು ಬಿಟ್ಟರೆ ಬೇರೆ ಆಧಾರವಿಲ್ಲ.

ಬಾನೆಟ್ಟಿನ ಪಕ್ಕದ ಬಾಗಿಲು ಎತ್ತಿದಾಗ ಮುಖಕ್ಕೆ ಬೆಂಕಿಯ ಹಾಗೆ ಬಿಸಿ ಬಡಿಯಿತು. ಅಪ್ಪ ಎಡಗೈಯಿಂದ ಒಂದು ರೆಕ್ಕೆ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಶಾಫ್ಟು ಕಟಕಟ ಎಂದಿತು. "ಆಟ ನೋಡು" ಎಂದ. ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಕ್ ಬೋಲ್ಟು. ಬಿಚ್ಚು. ರೇಡಿಯೇಟ್ರ್ ಮೇಲ್ ಕೈ ಊರ್ಬ್ಯಾಡ."

ಬಿಚ್ಚಿದೆ. ಮೊಣಕೈ ಮೂರು ಕಡೆ ತಾಗಿ ಚರ್ಮ ಚುರ್ ಎಂದಿತು. ಸ್ಪ್ಯಾನರು ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಫ್ಯಾನನ್ನು ಮೇಲಕ್ಕೆ ಎಳೆದು ತೆಗೆದು ಒಂದು ಕಲ್ಲಿನ ಮೇಲಿಟ್ಟಾಗ ಅಪ್ಪ ಅದನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದು, ಎದುರುಬದುರಾಗಿದ್ದ ಎರಡು ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಒಂದನ್ನು ಕಿತ್ತರೆ ಅದರ ಎದುರಿನದನ್ನೂ ಕೀಳಬೇಕು, ಇಲ್ಲದಿದ್ದರೆ ತೂಕ ಒಂದು ಕಡೆಗೆ ಎಳೆದು ಉಳಿದ ಬೇರಿಂಗೂ ಹೋಗುತ್ತದೆ. ಉಳಿ, ಸುತ್ತಿಗೆ ಟೂಲ್ ಬಾಕ್ಸಿನಲ್ಲಿದ್ದವು. ರೆಕ್ಕೆಯ ಬುಡದಲ್ಲಿ ಮೂರು ಮೂರು ರಿವೆಟ್ಟು. ನಾನು ರಿವೆಟ್ಟಿನ ತಲೆಗೆ ಉಳಿ ಇಟ್ಟು ಹೊಡೆದೆ.

"ನಕ್ಷೆ ಬರದಂಗ್ ಒಡೀಬ್ಯಾಡ" ಎಂದ ಅಪ್ಪ. "ಒಡದಂಗ್ ಒಡಿ."

"ಮುಳ್ಳೆಲ್ಲೈತಲಾ?" ಎಂದು ಮಧ್ಯೆ ಒಮ್ಮೆ ಅಪ್ಪ ತಲೆಯೆತ್ತದೆ ಕೂಗಿದ. ಕ್ಯಾಬಿನ್ನಿನಿಂದ ಉತ್ತರ ಬರಲಿಲ್ಲ. ನಾನು ಸುತ್ತಿಗೆ ಎತ್ತಿ ಹಾಗೇ ನಿಂತೆ. ಗಾಜಿನ ಹಿಂದೆ ಮಾವನ ತಲೆ ಬಗ್ಗಿತ್ತು, ಗೇಜಿನ ಕಡೆಗೆ. ಎಷ್ಟು ಹೊತ್ತು ಎಂದು ಹೇಳಲಾರೆ. ನೆನಪಿನಲ್ಲಿ ಅದು ತುಂಬಾ ಹೊತ್ತು. ಅಷ್ಟು ಹೊತ್ತು ಸುತ್ತಿಗೆಯನ್ನು ಎತ್ತಿ ಹಿಡಿಯಲು ನನ್ನ ಕೈಗೆ ಶಕ್ತಿ ಇರಲಿಲ್ಲ. ಆದ್ದರಿಂದ ಅದು ಸ್ವಲ್ಪ ಹೊತ್ತೇ ಇರಬೇಕು.

"ಮುಟ್ಟಿಲ್ಲ" ಎಂದ ಮಾವ. ಅಷ್ಟೇ.

ಆರು ರಿವೆಟ್ಟುಗಳಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ನಾಲ್ಕು ರೆಕ್ಕೆಯ ಫ್ಯಾನನ್ನು ಮತ್ತೆ ಕೂರಿಸಿ ಕ್ಯಾಬಿನ್ನು ಹತ್ತಿ ನೋಡಿದಾಗ ಮುಳ್ಳಿಗೂ ಬೊಟ್ಟಿಗೂ ನಡುವೆ ಒಂದು ನೂಲಿನಷ್ಟು ಜಾಗವಿತ್ತು. ಮಾವ ಸ್ಟಾರ್ಟ್ ಮಾಡಿದ. ಬಟಾಣಿ ಸದ್ದು ಇತ್ತು, ಆದರೆ ಕಡಿಮೆ.

ಆ ಒಂದು ನೂಲಿನ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಬೇರೊಂದು ಕೆಲಸದಲ್ಲಿ ಮೀಟರಿನ ಮುಖವೊಂದನ್ನು ನಕ್ಷೆಗೆ ತರುತ್ತಿದ್ದಾಗ. ನಾನು ನೋಡಿದ್ದು ಅರ್ಧ ಗಂಟೆ ಕಳೆದು ಮುಳ್ಳು ಇಳಿಯತೊಡಗಿದ ಮೇಲೆ. ಅದಕ್ಕೂ ಮೊದಲು ಅದು ಇನ್ನೂ ಮೇಲಿದ್ದಿರಲೇಬೇಕು. ಅಲ್ಲದೆ ಮುಳ್ಳು ಗಾಜಿನ ಹಿಂದೆ ಅರ್ಧ ಇಂಚು ಒಳಗಿತ್ತು, ಬೊಟ್ಟು ಗಾಜಿನ ಮೇಲಿತ್ತು. ನಡುವೆ ಕೂತ ನನಗೆ ಕಂಡ ಜಾಗ ಬಲಗಡೆ ಕೂತವನಿಗೆ ಕಾಣುವುದಿಲ್ಲ. ಅವನ ಕಣ್ಣಿಗೆ ಬೊಟ್ಟು ಎಡಕ್ಕೆ, ಮುಳ್ಳಿನ ಕಡೆಗೆ ಸರಿದ ಹಾಗಿರುತ್ತದೆ. ನಾನು ಹತ್ತಿದ ಹೊತ್ತಿನಲ್ಲಿ ಕೂಡ ಮಾವನ ಸೀಟಿನಿಂದ ಮುಳ್ಳು ಬೊಟ್ಟನ್ನು ಮುಟ್ಟಿಯೇ ಕಂಡಿರಬೇಕು. ಅವನು ಬಗ್ಗಿ ನಡುವಿಗೆ ಬಂದು ನೋಡಿದನೋ, ಬಿಸಿಗೆ ಬೊಟ್ಟಿನ ಅಂಟು ಬಿಟ್ಟು ಜಾರಿತೋ, ಇಲ್ಲ ಕಂಡೂ ಮುಟ್ಟಿಲ್ಲ ಎಂದನೋ. ಮಾವ ಈಗಲೂ ಇದ್ದಾನೆ. ಕೇಳಿದರೆ "ಯಾವ್ ಬೊಟ್ಟು?" ಎನ್ನುತ್ತಾನೆ.

ಉಳಿದ ಏರನ್ನು ಒಂದನೆಯ ಗೇರಿನಲ್ಲೇ ಹತ್ತಿದೆವು. ನಾಲ್ಕು ರೆಕ್ಕೆ ಸೆಳೆಯುವ ಗಾಳಿ ಆ ಏರಿಗೆ ಸಾಲದು. ನಾಲ್ಕು ಸಾಲಿನ ಜಾಲರಿ ಇರದಿದ್ದರೆ ಅದೂ ಆಗುತ್ತಿರಲಿಲ್ಲ. ಮುಳ್ಳು ಇಳಿದು, ಮತ್ತೆ ಏರಿ, ಬೊಟ್ಟಿನ ಪಕ್ಕ ನಿಂತು ನಡುಗುತ್ತಿತ್ತು. ನಾನು ಗೇಜಿನಿಂದ ಕಣ್ಣು ತೆಗೆಯಲಿಲ್ಲ. ಮಾವ ಅದರ ಕಡೆ ಒಂದು ಸಲವೂ ನೋಡಲಿಲ್ಲ.

ಮೇಲೆ ರಸ್ತೆ ಸಮವಾದಲ್ಲಿ ಒಂದು ಟೀ ಅಂಗಡಿ. ಅಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ, ಮಾವ ಬಲಕ್ಕೆ ಇಳಿದ. ಅಪ್ಪ ಎಡಕ್ಕೆ ಇಳಿದ. ಬಾನೆಟ್ಟಿನ ಎರಡೂ ಪಕ್ಕ ಇಬ್ಬರೂ ತಲೆ ಬಗ್ಗಿಸಿ ಪಂಪಿನ ಸದ್ದು ಕೇಳುತ್ತ ನಿಂತರು.

"ಬೇರಿಂಗ್ ಮಾತ್ರಾನಾ, ಪೂರಾ ಪಂಪೇ ಆಕ್ಸಾನಾ ಬಾವ?" ಎಂದ ಮಾವ.

"ಬಿಚ್ಚಿ ನೋಡ್ಬೇಕು. ನಾಳೀಕೆ ಓಗಾನ."

"ನಿನ್ ಕೈ?"

"ನೋಡಾಕೆ ಕೈ ಯಾಕ್ಲಾ?"

ಲಾರಿ ಉಳಿಯಿತು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಆ ಕೈ ಮತ್ತೆ ಸ್ಟೇರಿಂಗಿನ ಸುತ್ತ ಪೂರ್ತಿ ಮಡಚಲಿಲ್ಲ. ಮುಂದೆ ಓಡಿಸಿದವನು ಮಾವ. ಅಪ್ಪ ಎಡಗಡೆ ಕೂತು, ಕಾಲನ್ನು ತಗಡಿಗೆ ಕೊಟ್ಟು, ಎಲ್ಲಿ ಗೇರು ಇಳಿಸಬೇಕು ಎಂದು ಹೇಳುತ್ತಿದ್ದ. ಅದೆಲ್ಲ ಆಮೇಲಿನದು. ಆ ದಿನ ಅವರು ಪಂಪಿನ ಅಂಗಡಿಗೆ ಎಷ್ಟು ಹೊತ್ತಿಗೆ ಹೋಗುವುದೆಂದು ಮಾತಾಡಿಕೊಂಡರು. ನನ್ನನ್ನು ಬಾ ಎನ್ನಲಿಲ್ಲ.

"ನೀನ್ ಇಲ್ಲೇ ಇಳ್ಕಂಡ್ ಬಸ್ ಇಡಿ" ಎಂದ ಮಾವ. "ಲೋಡ್ ಇಳ್ಸಾ ತಂಕ ನೀನ್ಯಾಕೆ?"

ನಾನು ಇಳಿದು ಸೇಲಂ ಬಸ್ಸು ಬರುವ ಕಡೆ ದಾಟಿ ನಿಂತೆ. ಲಾರಿ ಧರ್ಮಪುರಿಯತ್ತ ಹೊರಟಿತು. ಬಟಾಣಿಯ ಸದ್ದು ಇನ್ನೂ ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ಕಣಿವೆಗೆ ಇಳಿಯಲು ಸಾಲುಗಟ್ಟಿದ್ದ ಲಾರಿಗಳ ಸದ್ದಿನಲ್ಲಿ ನಮ್ಮ ಗಾಡಿಯದು ಯಾವುದೆಂದು ತಿಳಿಯಲಿಲ್ಲ.